ಕತ್ತರಿಸದ ಕೈಗವಸು

"ಸತ್ತವನು ಸನ್ನೆ ಮಾಡಲ್ಲ ಮೇಡಂ," ಎಂದರು ಇನ್ಸ್‌ಪೆಕ್ಟರ್. "ವಿಷಯ ಇಷ್ಟೇ. ಇದಕ್ಕೆ ಪತ್ತೇದಾರರು ಯಾಕೆ ಬೇಕು?"

ನನಗೆ ಬೇಕಿತ್ತು. ನಿನ್ನೆ ಬೆಳಿಗ್ಗೆ ಈ ಕಟ್ಟಡದ ಸೈಟಿನಲ್ಲಿ, ನಮ್ಮೆದುರು ನಿಂತ ಇದೇ ಲಾರಿಯಿಂದ ಉರುಳಿದ ಉಕ್ಕಿನ ತೊಲೆ ಒಬ್ಬ ಮನುಷ್ಯನನ್ನು ನೆಲಕ್ಕೆ ಒತ್ತಿ ಕೊಂದಿತ್ತು. ಅದರ ಪಕ್ಕದ ತೊಲೆಯನ್ನು ಕ್ರೇನಿನಲ್ಲಿ ಎತ್ತಿದವರು ನನ್ನ ಭಾವ, ಅಕ್ಕನ ಗಂಡ. ಅವರೀಗ ಠಾಣೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಸಂಜೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ, ಅಲ್ಲಿಂದ ಮುಂದೆ ಜೈಲು.

ನನ್ನ ಕಸುಬು ಪತ್ತೇದಾರಿಕೆ ಎನ್ನುವುದೇನೋ ನಿಜ. ಆದರೆ ಇಷ್ಟು ವರ್ಷ ನಾನು ಹುಡುಕಿಕೊಟ್ಟದ್ದು ಕಳೆದುಹೋದ ನಾಯಿಗಳನ್ನು, ವಿಮೆಯ ಹಣಕ್ಕಾಗಿ ಕುಂಟುವವರನ್ನು, ಆಫೀಸಿನಲ್ಲಿದ್ದೇನೆ ಎಂದು ಹೇಳಿ ಅಲ್ಲಿರದ ಗಂಡಂದಿರನ್ನು. ಮನೆಯವರೇ ಸಿಕ್ಕಿಹಾಕಿಕೊಂಡ ಕೇಸು ಇದೇ ಮೊದಲು. ನಿನ್ನೆಯಿಂದ ನನ್ನ ತಲೆ ನನ್ನ ಹತೋಟಿಯಲ್ಲಿರಲಿಲ್ಲ.

ಸತ್ತವನನ್ನು ಎಲ್ಲರೂ ಸೀಟಿ ಎನ್ನುತ್ತಿದ್ದರು. ಲಾರಿಯಿಂದ ಉಕ್ಕು ಇಳಿಸುವಾಗ ಕ್ರೇನಿನವರಿಗೆ ಕೈಸನ್ನೆ ಕೊಡುವುದು ಅವನ ಕೆಲಸ. ಸನ್ನೆ ಕೊಡುವ ಮುಂಚೆ ಕೊರಳಲ್ಲಿ ನೇತಾಡುವ ಸೀಟಿ ಊದುವುದು ಅವನ ಅಭ್ಯಾಸ. ಆ ಕೆಲಸದವನ ಕೈಗೆ ಮಾತ್ರ ಕಿತ್ತಳೆ ಬಣ್ಣದ ಕೈಗವಸು, ಮಿಕ್ಕ ಎಲ್ಲರದ್ದೂ ಬೂದು. ಕ್ರೇನಿನ ಮೇಲಿಂದ ಯಾರ ಮುಖ ಯಾರಿಗೆ ಕಾಣುತ್ತದೆ? ಕಿತ್ತಳೆ ಕೈ ಎತ್ತು ಎಂದರೆ ಎತ್ತಬೇಕು, ಇಳಿಸು ಎಂದರೆ ಇಳಿಸಬೇಕು. ಒಂದು ಸೈಟಿಗೆ ಒಂದೇ ಜೊತೆ.

ಇದೆಲ್ಲ ನನಗೆ ಗೊತ್ತಾದದ್ದು ನಿನ್ನೆಯಲ್ಲ. ಅಪ್ಪ ಜೀವನವಿಡೀ ಇದೇ ಕೆಲಸ ಮಾಡಿದವರು. ಮಂಡಿ ಸೋತ ಮೇಲೆ ಇದೇ ಸೈಟಿನ ಗೇಟು ಕಾಯುತ್ತಾರೆ. ಸೀಟಿಗೆ ಕೆಲಸ ಕಲಿಸಿದವರೂ ಅವರೇ, ಭಾವನನ್ನು ಕ್ರೇನಿಗೆ ಹತ್ತಿಸಿದವರೂ ಅವರೇ. ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಯಾರೂ ಮಾತಾಡುತ್ತಿರಲಿಲ್ಲ. ತೋರುಬೆರಳು ಮೇಲೆತ್ತಿ ತಿರುಗಿಸಿದರೆ ಇನ್ನಷ್ಟು ಬಡಿಸು. ತೋಳು ಚಾಚಿ ಅಂಗೈ ಮುಂದೆ ಹಿಡಿದರೆ ನಿಲ್ಲಿಸು. ಅಕ್ಕನಿಗೂ ನನಗೂ ಅಕ್ಷರಕ್ಕಿಂತ ಮೊದಲು ಬಂದ ವಿದ್ಯೆ ಅದು. ಮೊದಲನೆಯದು ಸೈಟಿನಲ್ಲಿ ಎತ್ತು ಎಂಬ ಸನ್ನೆ, ಅದನ್ನು ಕಿತ್ತಳೆ ಕೈಗವಸಿನವನು ಮಾತ್ರ ಕೊಡಬೇಕು, ಎರಡನೆಯದನ್ನು ಯಾರು ಕೊಟ್ಟರೂ ಕ್ರೇನು ನಿಲ್ಲಬೇಕು, ಕಾರಣ ಕೇಳಬಾರದು ಎಂದು ಕೈ ತೊಳೆದ ಮೇಲೆ ಅಪ್ಪ ದಿನವೂ ಹೇಳುತ್ತಿದ್ದರು.

ಇನ್ಸ್‌ಪೆಕ್ಟರ್ ತಾಳ್ಮೆಯ ಮನುಷ್ಯ. ನನಗೆ ಇನ್ನೊಮ್ಮೆ ವಿವರಿಸಿದರು. ಭಾವ ಹೇಳುವ ಪ್ರಕಾರ ಎತ್ತು ಎಂಬ ಸನ್ನೆ ಬಂತು, ಆದ್ದರಿಂದ ಎತ್ತಿದರು. ಆದರೆ ಸೀಟಿಯ ಹೆಣ ಸಿಕ್ಕಿದ್ದು ಲಾರಿಯ ಆಚೆ ಬದಿಯ ನಡುಮಧ್ಯದಲ್ಲಿ. ಅಲ್ಲಿ ನಿಂತವನ ಕೈ ಕ್ರೇನಿಗೆ ಕಾಣುವುದು ಸಾಧ್ಯವೇ ಇಲ್ಲ, ನಡುವೆ ಉಕ್ಕಿನ ರಾಶಿಯಿದೆ. ಅವನ ಎರಡು ಕೈಯಲ್ಲೂ ಕಿತ್ತಳೆ ಕೈಗವಸು ಹಾಗೇ ಇತ್ತು. ಇನ್ನೊಂದು ಜೊತೆ ಸೈಟಿನಲ್ಲಿ ಇಲ್ಲ.

"ಅಂದ್ರೆ ಸನ್ನೆ ಯಾರೂ ಕೊಟ್ಟಿಲ್ಲ. ನಿಮ್ಮ ಭಾವ ಅವಸರ ಮಾಡಿದ್ರು, ಈಗ ಹೆದರಿಕೊಂಡು ಸುಳ್ಳು ಹೇಳ್ತಿದಾರೆ."

ಭಾವ ಸುಳ್ಳು ಹೇಳುವವರಲ್ಲ. ಅಕ್ಕ ಹೊಸ ಸೀರೆ ಉಟ್ಟು ಹೇಗಿದೆ ಎಂದು ಕೇಳಿದರೆ ನಿಜ ಹೇಳಿ ಮೂರು ಹೊತ್ತು ಊಟಕ್ಕೆ ಕುತ್ತು ತಂದುಕೊಳ್ಳುವ ಪೈಕಿ. ಬೆಳಿಗ್ಗೆ ಠಾಣೆಯಲ್ಲಿ ಅವರು ಹೇಳಿದ್ದನ್ನು ನಾನು ಮನಸ್ಸಿನಲ್ಲೇ ತಿರುವಿ ಹಾಕಿದೆ. ಲಾರಿಯ ಮುಂಭಾಗದ ಮೂಲೆಯಿಂದ ಕಿತ್ತಳೆ ಕೈಗವಸಿನ ಒಂದು ಬಲಗೈ ಹೊರಬಂತು. ಮೈ ಕಾಣಲಿಲ್ಲ. ಬಿಸಿಲು ಜೋರಾದರೆ ಸೀಟಿ ಹಾಗೆ ಲಾರಿಯ ನೆರಳಲ್ಲಿ ನಿಂತು ಕೈ ಮಾತ್ರ ಚಾಚುವುದಿತ್ತು. ಸೀಟಿ ಊದಿದ್ದು ಕೇಳಿಸಲಿಲ್ಲ, ಆದರೆ ಪಕ್ಕದಲ್ಲೇ ಕಾಂಕ್ರೀಟು ಕಲಸುವ ಮಿಷನ್ನು ಗುಡುಗುತ್ತಿತ್ತು. ಬೆರಳು ಮೇಲೆದ್ದು ತಿರುಗಿತು. ಅಂಗೈ ಯಾವಾಗಲೂ ಇರುವ ಹಾಗೆ ಗ್ರೀಸಿನಿಂದ ಕರ್ರಗೆ ಇತ್ತು. ಎತ್ತಿದರು.

"ನಾನು ಮುಖ ನೋಡ್ಲಿಲ್ಲ," ಎಂದಿದ್ದರು ಭಾವ. "ಯಾವತ್ತೂ ನೋಡಿಲ್ಲ. ಮಾವ ನನಗೆ ಕಲ್ಸಿದ್ದೇ ಅದು. ಕೈ ನೋಡು, ಮುಖ ನೋಡ್ಬೇಡ ಅಂತ."

ಕರ್ರಗಿನ ಅಂಗೈ. ಅದೇ ಮಾತು ನನ್ನೊಳಗೆ ಚುಚ್ಚುತ್ತಿತ್ತು. ಸತ್ತವನ ಕೈಗವಸು ನೋಡಬಹುದೇ ಎಂದು ಕೇಳಿದೆ.

ಇನ್ಸ್‌ಪೆಕ್ಟರ್ ಜೀಪಿನಿಂದ ಪ್ಲಾಸ್ಟಿಕ್ ಚೀಲ ತರಿಸಿದರು. ಮಣ್ಣು ಮೆತ್ತಿತ್ತು, ರಕ್ತ ಒಣಗಿತ್ತು. ನಾನು ಮುಖ ತಿರುಗಿಸಿಕೊಂಡು, ಮತ್ತೆ ಗಟ್ಟಿ ಮನಸ್ಸು ಮಾಡಿ ನೋಡಿದೆ. ಬಟ್ಟೆ ಇನ್ನೂ ಗಡುಸಾಗಿತ್ತು. ಅಂಗಡಿಯಲ್ಲಿ ಮಡಿಚಿಟ್ಟ ಗೆರೆ ಬೆರಳುಗಳ ಅಡ್ಡಕ್ಕೆ ಹಾಗೇ ಇತ್ತು. ಅಂಗೈಯಲ್ಲಿ ಮಣ್ಣಿತ್ತು, ಗ್ರೀಸಿನ ಕಲೆ ಎಲ್ಲಿಯೂ ಇರಲಿಲ್ಲ.

ಹೊಸ ಜೊತೆ. ಹಾಗಾದರೆ ಹಳೆಯದು ಎಲ್ಲಿ ಹೋಯಿತು?

ಇನ್ಸ್‌ಪೆಕ್ಟರಿಗೆ ಹೇಳಿದೆ. ಅವರು ಚೀಲವನ್ನು ಬಿಸಿಲಿಗೆ ಹಿಡಿದು ನೋಡಿ, ಗ್ರೀಸಿನ ಕಲೆ ಕಂಡದ್ದು ನಿಮ್ಮ ಭಾವನಿಗೆ ಮಾತ್ರ ತಾನೇ ಎಂದರು. ಸಂಜೆವರೆಗೆ ಸಮಯವಿದೆ ಎಂದು ಹೇಳಿ, ಕಾವಲಿಗೆ ಒಬ್ಬ ಪೇದೆಯನ್ನು ಬಿಟ್ಟು ಅವರು ಹೊರಟುಹೋದರು.

* * *

ನಾನು ಲಾರಿಯನ್ನು ಸುತ್ತಿದೆ.

ತಪ್ಪು ಹುಡುಕಲು ಹೊರಟವಳಿಗೆ ಎಲ್ಲವೂ ಸರಿಯಾಗಿಯೇ ಕಂಡಿತು. ಲಾರಿ ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಂತಿತ್ತು, ಚಕ್ರಗಳಿಗೆ ಮರದ ತುಂಡು ಕೊಟ್ಟಿದ್ದರು. ಸುತ್ತ ಹಗ್ಗದ ಬೇಲಿ. ಸರಪಳಿಗಳನ್ನು ಬಿಚ್ಚಿ ಸುರುಳಿ ಸುತ್ತಿ ಪಕ್ಕಕ್ಕೆ ಇಟ್ಟಿದ್ದರು. ತೊಲೆಗೆ ಕೊಕ್ಕೆ ಹಾಕಿದ ಇಬ್ಬರು ನಿಯಮದಂತೆ ಇಳಿದು ಕ್ರೇನಿನ ಕಡೆ, ಹಗ್ಗದ ಹೊರಗೆ ನಿಂತಿದ್ದರಂತೆ. ಅವರಿಗೂ ಆಚೆ ಬದಿ ಕಾಣುತ್ತಿರಲಿಲ್ಲ. ಸನ್ನೆಯನ್ನು ಅವರು ನೋಡಿಲ್ಲ, ಅವರ ಕಣ್ಣು ಕೊಕ್ಕೆಯ ಮೇಲಿತ್ತು.

ತಪ್ಪಿದ್ದು ಒಂದೇ ಕಡೆ. ಲಾರಿಯ ಎರಡೂ ಅಂಚಿನಲ್ಲಿ ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಕಂಬಿಗಳಿರುತ್ತವೆ. ಒಂದು ತೊಲೆ ಮೇಲೆದ್ದಾಗ ಪಕ್ಕದ್ದು ಹೊರಳಿದರೆ ತಡೆಯಲೆಂದೇ ಇರುವ ಕಂಬಿಗಳು ಅವು. ಕೊನೆಯ ತೊಲೆ ಇಳಿಯುವವರೆಗೂ ಅವನ್ನು ಮುಟ್ಟಬಾರದು. ಆಚೆ ಬದಿಯಲ್ಲಿ ನಡುವಿನ ಕಂಬಿಗಳು ಇರಲಿಲ್ಲ. ಒಂದರ ಪಕ್ಕ ಒಂದು, ನೆಲದ ಮೇಲೆ ಮಲಗಿದ್ದವು. ಬಿದ್ದಿದ್ದರೆ ಅಡ್ಡಾದಿಡ್ಡಿ ಇರಬೇಕಿತ್ತು. ಯಾರೋ ಕಿತ್ತು ಮೆಲ್ಲಗೆ ಮಲಗಿಸಿದ್ದರು.

ಸೀಟಿ ಅಲ್ಲಿಗೆ ಯಾಕೆ ಹೋದ ಎನ್ನುವುದು ಈಗ ಅರ್ಥವಾಯಿತು. ಕಂಬಿ ಇಲ್ಲದ್ದನ್ನು ದೂರದಿಂದ ಕಂಡಿದ್ದಾನೆ. ತಾನು ಸನ್ನೆ ಕೊಡದೆ ಕ್ರೇನು ಅಲುಗುವುದಿಲ್ಲ ಎಂಬ ಧೈರ್ಯದಿಂದ ನೋಡಲು ಹೋಗಿದ್ದಾನೆ. ಆ ಧೈರ್ಯವೇ ಅವನನ್ನು ಕೊಂದಿತು.

ಬಗ್ಗಿ ಕಂಬಿಯನ್ನು ನೋಡಿದೆ. ಪ್ರತಿ ಕಂಬಿಯ ಬುಡದಲ್ಲಿ ಒಂದು ತೂತು, ಅದನ್ನು ಲಾರಿಗೆ ಬಿಗಿಯಲು ಬೆರಳುದ್ದದ ಪಿನ್ನು. ಕಿತ್ತವನು ಪಿನ್ನನ್ನು ಎಸೆದಿರಲಿಲ್ಲ. ಕಂಬಿಯ ತೂತಿಗೇ ಮತ್ತೆ ಸಿಕ್ಕಿಸಿಟ್ಟಿದ್ದ, ಕಳೆದುಹೋಗದಿರಲಿ ಎಂದು. ಕೊಲೆಗೆ ಹೊರಟವನಿಗೆ ಪಿನ್ನಿನ ಚಿಂತೆ! ಆ ಅಚ್ಚುಕಟ್ಟುತನವನ್ನು ನಾನು ಎಲ್ಲೋ ನೋಡಿದ್ದೇನೆ ಅನಿಸಿತು. ಎಲ್ಲಿ ಎಂದು ನೆನಪಾಗಲಿಲ್ಲ.

ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಲಾರಿ ಡ್ರೈವರ್ ಕೂತಿದ್ದ. ಉಕ್ಕು ಇಳಿಸುವಾಗ ಡ್ರೈವರ್ ಲಾರಿಯ ಕೀಲಿಯನ್ನು ಗೇಟಿನಲ್ಲಿ ಕೊಟ್ಟು ಇಲ್ಲಿ ಕೂರಬೇಕು. ಲಾರಿಯೂ ಅಲುಗಬಾರದು, ಅವನೂ ಅಡ್ಡ ಬರಬಾರದು. ನಿನ್ನೆಯಿಂದ ಅವನ ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು. ಕಾರ್ಖಾನೆಯಿಂದ ಹೊರಟಾಗ ಎಲ್ಲ ಕಂಬಿಯೂ ಇದ್ದವು, ಇಲ್ಲಿ ಲಾರಿ ನಿಲ್ಲಿಸಿ ಇಳಿದಾಗಲೂ ಇದ್ದವು, ನಾನೇ ಒಂದೊಂದನ್ನೂ ಅಲುಗಿಸಿ ನೋಡಿದ್ದೆ ಎಂದ.

ಆಮೇಲೆ ಎಲ್ಲಿದ್ದೆ ಎಂದು ಕೇಳಿದೆ. ಇಲ್ಲೇ ಎಂದ. ನೋಡಿದವರು ಯಾರು ಎಂದರೆ ತಬ್ಬಿಬ್ಬಾದ.

"ಯಾರೂ ಇರ್ಲಿಲ್ಲ ಅಕ್ಕಾ. ಕುಡಿಯೋ ನೀರು ಎಲ್ಲಿ ಅಂತ ಕೇಳೋಕೆ ಗೇಟಿನ ತಾತನ್ನ ಕೂಗ್ದೆ. ಎರಡು ಸಲ ಕೂಗ್ದೆ. ಅವರು ಇರ್ಲಿಲ್ಲ."

ನನಗೆ ಮೈ ಉರಿಯಿತು. ಗೇಟಿನ ತಾತ ನನ್ನಪ್ಪ. ಗೇಟು ಬಿಟ್ಟು ಕದಲಿಲ್ಲ ಎಂದು ಅವರೇ ನಿನ್ನೆ ಇನ್ಸ್‌ಪೆಕ್ಟರ್ ಎದುರು ಹೇಳಿದ್ದರು. ಇವನು ತನ್ನ ಕುತ್ತಿಗೆ ಉಳಿಸಿಕೊಳ್ಳಲು ಒಬ್ಬ ಮುದುಕನನ್ನು ಎಳೆಯುತ್ತಿದ್ದಾನೆ. ಸುಳ್ಳು ಹೇಳುವಾಗ ಯಾರ ಮುಂದೆ ಹೇಳುತ್ತಿದ್ದೀಯ ಎಂದು ನೋಡಿಕೊಂಡು ಹೇಳು ಎಂದು ಗದರಿದೆ. ನನ್ನ ಮನಸ್ಸಿನ ಸಂಶಯದ ಪಟ್ಟಿಯಲ್ಲಿ ಅವನ ಹೆಸರು ಮೇಲಕ್ಕೆ ಹೋಯಿತು.

ಪತ್ತೇದಾರಳು ಸಿಟ್ಟು ಮಾಡಿಕೊಳ್ಳಬಾರದು ಎಂದು ನಾನೇ ಬೇರೆಯವರಿಗೆ ಉಪದೇಶ ಮಾಡಿದ್ದುಂಟು.

* * *

ಫೋರ್‌ಮನ್ ತನ್ನ ಆಫೀಸಿನಲ್ಲಿದ್ದ. ಆಫೀಸು ಎಂದರೆ ಬಾಗಿಲಿಲ್ಲದ ಒಂದು ಶೆಡ್ಡು. ಒಂದು ಮೇಜು, ನೀರಿನ ಡ್ರಮ್ಮು, ಔಷಧದ ಡಬ್ಬಿ, ಗೋಡೆಗೆ ಹೆಲ್ಮೆಟ್ಟುಗಳು. ಆಳು ಭಾರಿ, ದನಿ ಮಾತ್ರ ಬೆಕ್ಕಿನದು. ಅಪ್ಪನ ಕಾಲದವನು, ನನ್ನನ್ನು ಲಂಗ ಹಾಕುವ ವಯಸ್ಸಿನಿಂದ ಬಲ್ಲವನು. ಕೂರು ಎಂದ, ಟೀ ತರಿಸಲೇ ಎಂದ, ಅಕ್ಕ ಹೇಗಿದ್ದಾಳೆ ಎಂದ. ಪ್ರಶ್ನೆ ಅವನಿಂದ ಬರುತ್ತಿದ್ದಷ್ಟು ಹೊತ್ತು ಅವನು ನನ್ನ ಮುಖ ನೋಡಲಿಲ್ಲ.

ಸೀಟಿಗೆ ಹೊಸ ಕೈಗವಸು ಕೊಟ್ಟದ್ದು ಯಾವಾಗ ಎಂದು ಕೇಳಿದೆ.

ಅವನ ಕೈಯಲ್ಲಿದ್ದ ಪೆನ್ನು ನಿಂತಿತು. "ನಿನ್ನೆ ಬೆಳಿಗ್ಗೆನೇ ಅಮ್ಮಾ. ಲಾರಿ ಬರೋಕೆ ಮುಂಚೆ."

"ಹಳೇದು?"

"ಕತ್ತರಿಸ್ದೆ. ಗೊತ್ತಲ್ಲ, ನಿಯಮ."

ಗೊತ್ತಿತ್ತು. ಕೈಗವಸು ಬದಲಿಸುವುದು ಈ ಜನರಿಗೆ ಹೆಚ್ಚುಕಡಿಮೆ ಶಾಸ್ತ್ರವಿದ್ದ ಹಾಗೆ. ಹೊಸ ಜೊತೆ ಕೈಗೆ ಬರಬೇಕಾದರೆ ಹಳೆಯದನ್ನು ಅಲ್ಲೇ, ಇಬ್ಬರ ಕಣ್ಣ ಮುಂದೆ, ಕತ್ತರಿಯಿಂದ ಬೆರಳು ಬೆರಳು ಬೇರೆ ಮಾಡಬೇಕು. ಮಣಿಕಟ್ಟಿನ ಪಟ್ಟಿಯನ್ನು ಮಾತ್ರ ಗುರುತಿಗೆ ಇಟ್ಟುಕೊಳ್ಳುತ್ತಾರೆ. ಎರಡು ಜೊತೆ ಕಿತ್ತಳೆ ಕೈ ಒಂದು ಸೈಟಿನಲ್ಲಿ ಒಂದು ಗಳಿಗೆಯೂ ಇರಕೂಡದು.

"ಪಟ್ಟಿ ತೋರ್ಸಿ."

ಅವನು ತಲೆಯ ಮೇಲೆ ಕೈ ತೋರಿಸಿದ. ಗೋಡೆಯಿಂದ ಗೋಡೆಗೆ ಕಟ್ಟಿದ ತಂತಿಯಲ್ಲಿ ಕಿತ್ತಳೆ ಪಟ್ಟಿಗಳು ಪೋಣಿಸಿದ್ದವು. ಹಳೆಯವು ಬಿಸಿಲಿಗೆ ಬಣ್ಣ ಕಳೆದುಕೊಂಡಿದ್ದವು. ನಾನು ಸ್ಟೂಲು ಎಳೆದುಕೊಂಡು ಹತ್ತಿದೆ. ಅವನು ಬೇಡ ಬೀಳ್ತೀಯ ಎಂದ. ಬಿದ್ದರೆ ಹಿಡಿಯಿರಿ ಎಂದೆ.

ಕೊನೆಯ ಪಟ್ಟಿಯ ಮೇಲೆ ಬೆರಳಾಡಿಸಿದೆ. ಬೆರಳಿಗೆ ಸಿಮೆಂಟಿನ ಧೂಳು ದಪ್ಪಗೆ ಮೆತ್ತಿಕೊಂಡಿತು. ಅದರ ಹಿಂದಿನದಕ್ಕೂ ಅಷ್ಟೇ ಧೂಳು, ಅದರ ಹಿಂದಿನದಕ್ಕೂ ಅಷ್ಟೇ. ಬೆರಳನ್ನು ಅವನ ಮೂಗಿನ ಮುಂದೆ ಹಿಡಿದೆ.

"ನಿನ್ನೆ ಕತ್ತರಿಸಿದ್ದಕ್ಕೆ ಇವತ್ತು ಇಷ್ಟು ಧೂಳು ಬರತ್ತಾ ಫೋರ್‌ಮನ್ರೇ?"

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಹಾಕಿದ.

ನಾನು ಸ್ಟೂಲಿನಿಂದ ಇಳಿದು ಅವನ ಎದುರು ಕೂತೆ. ಅಕ್ಕ ನಿನ್ನೆಯಿಂದ ಒಂದು ಲೋಟ ನೀರು ಬಿಟ್ಟು ಏನೂ ಮುಟ್ಟಿಲ್ಲ ಎಂದು ಹೇಳಿದೆ. ಭಾವ ಮುಖ ನೋಡಲಿಲ್ಲ ಮುಖ ನೋಡಲಿಲ್ಲ ಎಂದು ಠಾಣೆಯಲ್ಲಿ ಒಬ್ಬರೇ ಹೇಳಿಕೊಳ್ಳುತ್ತಿದ್ದಾರೆ ಎಂದು ಹೇಳಿದೆ. ಅವರ ಮದುವೆಯಲ್ಲಿ ನೀವೇ ಬಡಿಸಲು ನಿಂತಿದ್ದಿರಲ್ಲ ಎಂದೂ ಹೇಳಿದೆ. ಈ ಕೊನೆಯದು ನ್ಯಾಯವಾದ ಏಟಲ್ಲ, ನನಗೆ ಗೊತ್ತು. ಆದರೆ ಹೊಡೆದೆ.

"ಕತ್ತರಿ ಸಿಗ್ಲಿಲ್ಲ," ಎಂದ ಅವನು.

ನಾನು ಬೆರಳಿನ ಧೂಳು ಒರೆಸಿಕೊಂಡೆ.

"ಮೇಜಿನ ಡ್ರಾಯರ್‌ನಲ್ಲೇ ಇರತ್ತೆ. ನಿನ್ನೆ ಇರ್ಲಿಲ್ಲ. ಲಾರಿ ಗೇಟಿಗೆ ಬಂದು ಹಾರ್ನ್ ಹೊಡೀತಿತ್ತು. ಸೀಟಿನೇ ಹೇಳ್ದ, ಇಲ್ಲೇ ಇಟ್ಟಿರಿ, ಇಳಿಸಿಬಿಟ್ಟು ಬಂದು ಕತ್ತರಿಸೋಣ ಅಂತ. ಇಲ್ಲೇ, ಈ ಮೂಲೇಲಿ ಇಟ್ಟೆ." ಮೇಜಿನ ಮೂಲೆಯನ್ನು ಅವನು ಅಂಗೈಯಿಂದ ಒರೆಸಿದ. "ಎಂಜಿನಿಯರು ಮೇಲಿನ ಮಹಡಿಗೆ ಕರೆದ್ರು. ಕಿರುಚಾಟ ಕೇಳಿ ಇಳಿದು ಬಂದೆ. ಎಲ್ಲ ಮುಗಿದ್ಮೇಲೆ ಇಲ್ಲಿಗೆ ಬಂದ್ರೆ, ಇರ್ಲಿಲ್ಲ."

ಜೀವಮಾನದಲ್ಲಿ ಒಮ್ಮೆ ಕತ್ತರಿ ಸಿಗದ ಬೆಳಿಗ್ಗೆ. ಅಷ್ಟಕ್ಕೆ ಒಬ್ಬ ಸತ್ತಿದ್ದ, ಇನ್ನೊಬ್ಬರು ಜೈಲಿನ ಬಾಗಿಲಲ್ಲಿದ್ದರು. ಕೋಪ ಬರಬೇಕಿತ್ತು, ಬಂದದ್ದು ಸುಸ್ತು.

ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೆಲಸ ಹೋಗುತ್ತದೆ ಎಂದು ಹೆದರಿದೆ ಎಂದ. ಅದು ಸಾಲದು ಎಂದು ನನ್ನ ಮುಖ ಹೇಳಿತೇನೋ, ಈ ಸಾವಿನ ಹೊಣೆ ನನ್ನ ತಲೆಗೂ ಬರುತ್ತದೆ ಎಂದು ಹೆದರಿದೆ ಎಂದು ಸೇರಿಸಿದ. ಆ ಹಳೆಯ ಜೊತೆಯ ಗುರುತು ಹೇಳಿ ಎಂದೆ. ಬಲಗೈ ಅಂಗೈಗೆ ಗ್ರೀಸು. ಎಡಗೈ ಹೆಬ್ಬೆರಳಿನ ಬುಡ ಹರಿದಿತ್ತು, ಸೀಟಿ ತಾನೇ ನೀಲಿ ದಾರದಲ್ಲಿ ಹೊಲಿದುಕೊಂಡಿದ್ದ. ಹೊಲಿಗೆ ನೋಡಿ ಎಲ್ಲರೂ ನಗುತ್ತಿದ್ದರು.

ಇಲ್ಲಿಗೆ ಯಾರು ಯಾರು ಬರುತ್ತಾರೆ ಎಂದು ಕೇಳಿದರೆ ಕೈಚೆಲ್ಲಿದ. ಬಾಗಿಲಿಲ್ಲದ ಶೆಡ್ಡು. ನೀರಿಗೆ ಬರುತ್ತಾರೆ, ಔಷಧಕ್ಕೆ ಬರುತ್ತಾರೆ, ಗೇಟಿನ ಕೀಲಿ ನೇತುಹಾಕಲು ಬರುತ್ತಾರೆ.

"ಠಾಣೆಗೆ ಬಂದು ಇದನ್ನೇ ಹೇಳ್ತೀರಾ?"

ಅವನು ತಂತಿಯ ಮೇಲಿನ ಪಟ್ಟಿಗಳನ್ನು ನೋಡಿದ. ಆಮೇಲೆ ಗೂಟದಿಂದ ಅಂಗಿ ತೆಗೆದು ಹಾಕಿಕೊಂಡ.

"ಬರ್ತೀನಿ ಅಮ್ಮಾ. ಸೀಟಿ ಮುಖ ಕಣ್ಣಿಂದ ಹೋಗ್ತಿಲ್ಲ. ನಿಮ್ಮಪ್ಪನಿಗೂ ಹಾಗೇ ಆಗಿರ್ಬೇಕು, ಪಾಪ. ಮಾತು ಬಿಟ್ಟಿದ್ರೇನಂತೆ, ಕೈ ಹಿಡಿದು ಕೆಲಸ ಕಲ್ಸಿದವರಲ್ವಾ."

ಅಪ್ಪನೂ ಸೀಟಿಯೂ ಕೆಲವು ತಿಂಗಳಿಂದ ಮಾತಾಡುತ್ತಿರಲಿಲ್ಲ ಎನ್ನುವುದು ನಮಗೆಲ್ಲ ಗೊತ್ತಿದ್ದ ಸಂಗತಿ. ಯಾಕೆ ಎಂದು ಕೇಳಿದಾಗಲೆಲ್ಲ ಅಪ್ಪ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಮುದುಕರ ಮುನಿಸು ಎಂದು ನಾವು ನಕ್ಕು ಬಿಟ್ಟಿದ್ದೆವು.

* * *

ಫೋರ್‌ಮನ್ ಹೇಳಿಕೆ ಕೊಟ್ಟ. ಇನ್ಸ್‌ಪೆಕ್ಟರ್ ಕೇಳಿಸಿಕೊಂಡು, ಕುರ್ಚಿಯಲ್ಲಿ ಹಿಂದಕ್ಕೊರಗಿ, ಮೊದಲ ಬಾರಿಗೆ ನನ್ನನ್ನು ನಾಯಿ ಹುಡುಕುವವಳಂತೆ ನೋಡಲಿಲ್ಲ.

"ಇದು ಮಾತು ಮೇಡಂ. ಮಾತನ್ನ ನಾಳೆ ಅವರೇ ಬದಲಿಸಬಹುದು. ಆ ಹಳೇ ಜೊತೆ ಬೇಕು. ಅದು ಯಾರ ಹತ್ರ ಇದೆಯೋ ಅವನೇ ಸನ್ನೆ ಕೊಟ್ಟವನು. ತಂದು ನನ್ನ ಮೇಜಿನ ಮೇಲೆ ಇಡಿ, ನಿಮ್ಮ ಭಾವನ್ನ ನಾನೇ ಜೀಪಲ್ಲಿ ಮನೆಗೆ ಬಿಡ್ತೀನಿ. ಸಂಜೆ ಒಳಗೆ."

ಡ್ರೈವರನ ಲಾರಿಯನ್ನೂ ಅವನ ಚೀಲವನ್ನೂ ಜಾಲಾಡಲು ಇಬ್ಬರು ಪೇದೆಗಳನ್ನು ಕಳಿಸಿದರು. ನಾನೇ ಹೇಳಿದ್ದು. ಕೈಗವಸು ಅಲ್ಲೇ ಸಿಗುತ್ತದೆ ಎಂದು ನನಗೆ ಪೂರ್ತಿ ನಂಬಿಕೆಯಿತ್ತು.

ಆ ನಂಬಿಕೆಯ ಭರದಲ್ಲೇ ಠಾಣೆಯ ಮೆಟ್ಟಿಲ ಮೇಲೆ ನಿಂತು ಅಕ್ಕನಿಗೆ ಫೋನು ಮಾಡಿದೆ. ಭಾವ ಇವತ್ತು ರಾತ್ರಿ ಮನೆಯಲ್ಲೇ ಊಟ ಮಾಡುತ್ತಾರೆ, ಏನಾದರೂ ಮಾಡಿಡು ಎಂದೆ. ಆ ಕಡೆ ಅಕ್ಕ ಅತ್ತಳು. ನಿನ್ನೆಯಿಂದ ಅವಳು ಅತ್ತಿರಲಿಲ್ಲ. ಕೇಸು ಮುಗಿಯುವ ಮುಂಚೆ ಬಾಯಿ ಬಿಡಬಾರದು ಎನ್ನುವುದು ಈ ಕಸುಬಿನ ಮೊದಲ ಪಾಠ, ಅದನ್ನು ಅಂದು ಮರೆತೆ.

ಅಕ್ಕನ ಮನೆ ತಲುಪಿದಾಗ ಬಾಗಿಲಲ್ಲೇ ಒಗ್ಗರಣೆಯ ವಾಸನೆ ಬಂತು. ಅವಳು ತಲೆ ಬಾಚಿಕೊಂಡಿದ್ದಳು, ಮುಖ ತೊಳೆದಿದ್ದಳು. ಭಾವನ ತಟ್ಟೆಯನ್ನು ತೊಳೆದು ಮೇಜಿನ ಮೇಲೆ ಬೋರಲು ಹಾಕಿದ್ದಳು. ಎಷ್ಟು ಹೊತ್ತಿಗೆ ಬರುತ್ತಾರೆ, ಅವರಿಗೆ ಹಸಿವಾಗಿರುತ್ತದೆ, ಜೀಪಿನವರಿಗೂ ಟೀ ಕೊಡಬೇಕೋ ಏನೋ ಎಂದು ಒಂದೇ ಸಮ ಮಾತಾಡಿದಳು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅವಳನ್ನು ನೋಡುತ್ತಿದ್ದೆ. ಹೊಟ್ಟೆ ತುಂಬಿದ ಹಾಗಾಯಿತು.

ಅಡುಗೆಮನೆಗೆ ಬೆಳಕು ಜಾಸ್ತಿ ಬರುತ್ತಿತ್ತು. ನೋಡಿದರೆ ಹಿಂಬಾಗಿಲೇ ಇರಲಿಲ್ಲ.

"ಅಪ್ಪ ಕಳಚಿದಾರೆ," ಎಂದಳು ಅಕ್ಕ. "ನೆಲಕ್ಕೆ ಉಜ್ಜುತ್ತೆ ಅಂತ ನಾನು ಹೇಳಿ ವರ್ಷ ಆಯ್ತು. ಇವತ್ತು ನೆನಪಾಯ್ತಂತೆ. ನಿನ್ನೆಯಿಂದ ಇಲ್ಲೇ ಇದಾರೆ, ಗೇಟಿಗೂ ಹೋಗಿಲ್ಲ, ಬೆಳಿಗ್ಗೆಯಿಂದ ಕೂತಲ್ಲಿ ಕೂರ್ತಿಲ್ಲ ನೋಡು. ಮೊಳೆ ತರೋಕೆ ಹೋಗಿದಾರೆ, ಈಗ ಬರ್ತಾರೆ."

ಕಳಚಿದ ಬಾಗಿಲನ್ನು ಹೊರಗಿನ ಗೋಡೆಗುಂಟ ನೆಲದ ಮೇಲೆ ಮೆಲ್ಲಗೆ ಮಲಗಿಸಿದ್ದರು. ಅದರ ಕಬ್ಬಿಣದ ಕೀಲುಗಳು ಪಕ್ಕದಲ್ಲಿ ಒಂದರ ಪಕ್ಕ ಒಂದು. ಪ್ರತಿ ಕೀಲಿನ ತೂತಿಗೂ ಅದರದರ ಪಿನ್ನನ್ನು ಮತ್ತೆ ಸಿಕ್ಕಿಸಿಟ್ಟಿದ್ದರು, ಕಳೆದುಹೋಗದಿರಲಿ ಎಂದು.

ನನಗೆ ನೆನಪಾಯಿತು. ಎಲ್ಲಿ ನೋಡಿದ್ದೆ ಎಂದು ಈಗ ನೆನಪಾಯಿತು. ಚಿಕ್ಕಂದಿನಲ್ಲಿ ಅಪ್ಪ ನನ್ನ ಸೈಕಲ್ಲಿನ ಚಕ್ರ ಬಿಚ್ಚಿದಾಗ, ಅಮ್ಮನ ಟ್ರಂಕಿನ ಚಿಲಕ ಬಿಚ್ಚಿದಾಗ.

ಇದು ಏನೂ ಅಲ್ಲ ಎಂದುಕೊಂಡೆ. ಆ ಕಸುಬಿನಲ್ಲಿ ಬೆಳೆದವರೆಲ್ಲ ಹೀಗೇ ಮಾಡುತ್ತಾರೆ, ಫೋರ್‌ಮನ್ ಕೂಡ ಮಾಡುತ್ತಾನೆ. ನನಗೆ ನಾನೇ ವಕೀಲಳಾಗಿ ವಾದಿಸುತ್ತಿದ್ದಾಗ ಅಕ್ಕ ಒಲೆಯ ಕಡೆ ತಿರುಗಿ, ಕುದಿಯುತ್ತಿದ್ದ ಪಾತ್ರೆಯನ್ನು ಇಳಿಸಿದಳು. ಬಿಸಿ ತಾಗದಿರಲೆಂದು ಅವಳು ಎಡಗೈಗೆ ದಪ್ಪ ಬಟ್ಟೆಯ ಕೈಗವಸು ಹಾಕಿಕೊಂಡಿದ್ದಳು.

ಕಿತ್ತಳೆ ಬಣ್ಣ ಮಾಸಿತ್ತು. ಹೆಬ್ಬೆರಳಿನ ಬುಡದಲ್ಲಿ ನೀಲಿ ದಾರದ ಹೊಲಿಗೆ. ನಿಜಕ್ಕೂ ನಗು ಬರಿಸುವಂಥ ಹೊಲಿಗೆ.

ನಾನು ಪಾತ್ರೆಯನ್ನು ಕೆಳಗಿಡು ಎಂದೆ. ಅವಳು ಇಟ್ಟಳು.

"ಇದು ಎಲ್ಲಿಂದ ಬಂತಕ್ಕಾ?"

"ಯಾವುದು, ಇದಾ? ಅಪ್ಪ ತಂದ್ರು."

"ಯಾವಾಗ?"

"ನಿನ್ನೆ. ಇವರನ್ನ ಕರ್ಕೊಂಡು ಹೋದ್ರು ಅಂತ ಹೇಳೋಕೆ ಬಂದ್ರಲ್ಲ, ಆಗ. ಅವರ ಜೇಬಿಂದ ಬಿತ್ತು. ಕೇಳಿದ್ರೆ ಹ್ಞಾಂ ಹ್ಞೂಂ ಏನೂ ಅನ್ಲಿಲ್ಲ, ಒಳಗೆ ಹೋಗಿ ಮಲಗಿಬಿಟ್ರು. ಅಪ್ಪನ ಹಳೇ ಒಂಟಿ ಕೈಗವಸು ಇರ್ಬೇಕು, ಬಿಸಿ ಪಾತ್ರೆಗೆ ಆಗತ್ತಲ್ಲ ಅಂತ ನಾನೇ ಒಗೆದು ಇಟ್ಕೊಂಡೆ." ಅವಳು ನನ್ನ ಮುಖ ನೋಡಿದಳು. "ಯಾಕೆ? ಏನಾಯ್ತು?"

ಅವನು ಸುಳ್ಳು ಹೇಳಿರಲಿಲ್ಲ, ಆ ಡ್ರೈವರ್. ಎರಡು ಸಲ ಕೂಗಿದ್ದ. ಗೇಟಿನಲ್ಲಿ ಯಾರೂ ಇರಲಿಲ್ಲ. ಅಪ್ಪ ಸೀಟಿಯ ಜೊತೆ ಮಾತು ಬಿಟ್ಟದ್ದೂ ಬರಿಯ ಮುನಿಸಾಗಿರಲಿಲ್ಲವೇನೋ.

ಇದನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟರೆ ಭಾವ ಜೀಪಿನಲ್ಲಿ ಮನೆಗೆ ಬರುತ್ತಾರೆ, ಅಕ್ಕ ಬೋರಲು ಹಾಕಿದ ತಟ್ಟೆ ತಿರುಗಿಸಿ ಬಡಿಸುತ್ತಾಳೆ. ಅದೇ ಜೀಪು ಹೋಗುವಾಗ ಅಪ್ಪನನ್ನು ಕರೆದುಕೊಂಡು ಹೋಗುತ್ತದೆ. ಇಡದಿದ್ದರೆ ಅಪ್ಪ ಬಾಗಿಲು ಸರಿಮಾಡಿ ಮುಗಿಸುತ್ತಾರೆ, ಭಾವ ಬರುವುದಿಲ್ಲ. ಕೊಲೆ ಮಾಡಿದವರು ಕೈಗವಸನ್ನು ಮಗಳ ಮನೆಗೆ ತರುತ್ತಾರೆಯೇ? ಸ್ವಂತ ಅಳಿಯನ ಕೈಯಿಂದ ಮಾಡಿಸುತ್ತಾರೆಯೇ? ನನ್ನ ಅಪ್ಪ ಅಂಥವರಲ್ಲ ಎಂದು ಮನಸ್ಸು ಬಡಿದುಕೊಂಡಿತು. ನಾನು ಹಿಡಿದುಕೊಟ್ಟ ಎಲ್ಲರ ಮನೆಯವರೂ ನನ್ನ ಮುಂದೆ ಕೂತು ಹೇಳಿದ ಮಾತೇ ಅದು.

ನನ್ನ ಫೋನು ಹೊಡೆದುಕೊಳ್ಳತೊಡಗಿತು. ಇನ್ಸ್‌ಪೆಕ್ಟರ್.

ಆಗ ಹಿಂಬಾಗಿಲಿನ ಬೆಳಕು ಕಡಿಮೆಯಾಯಿತು. ಅಪ್ಪ ಬಂದು ನಿಂತಿದ್ದರು, ಎಡಗೈಯಲ್ಲಿ ಮೊಳೆಯ ಪೊಟ್ಟಣ. ಅವರು ಮೊದಲು ಅಕ್ಕನ ಕೈ ನೋಡಿದರು. ಆಮೇಲೆ ನನ್ನ ಕೈಯಲ್ಲಿ ಹೊಡೆದುಕೊಳ್ಳುತ್ತಿದ್ದ ಫೋನು ನೋಡಿದರು. ಕನ್ನಡಕ ಒರೆಸಿಕೊಳ್ಳಲಿಲ್ಲ.

"ಅಪ್ಪಾ," ಎಂದೆ. "ಬಲಗೈದು ಎಲ್ಲಿ?"

ಅಪ್ಪ ಬರಿಯ ಬಲತೋಳನ್ನು ನಿಧಾನವಾಗಿ ಚಾಚಿ, ಅಂಗೈಯನ್ನು ನನ್ನ ಮುಂದೆ ಹಿಡಿದರು.

ಯಾರು ಕೊಟ್ಟರೂ ನಿಲ್ಲಬೇಕು, ಕಾರಣ ಕೇಳಬಾರದು. ನಮ್ಮ ಮನೆಯಲ್ಲಿ ಆ ಸನ್ನೆಯನ್ನು ನಾನು ಒಮ್ಮೆಯೂ ಮೀರಿದವಳಲ್ಲ.

ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅಕ್ಕ ನಮ್ಮಿಬ್ಬರನ್ನೂ ನೋಡಿದಳು, ತನ್ನ ಎಡಗೈಯನ್ನು ನೋಡಿಕೊಂಡಳು. ನಾನು ಅಪ್ಪನ ಕೈಯಿಂದ ಕಣ್ಣು ಕಿತ್ತು, ಜೀವನದಲ್ಲಿ ಮೊದಲ ಬಾರಿಗೆ, ಅವರ ಮುಖ ನೋಡಿದೆ. ಅಪ್ಪ ಹೆದರಿದ್ದರು. ಆದರೆ ಅವರ ಕಣ್ಣು ನನ್ನ ಮೇಲೆ ಇರಲಿಲ್ಲ, ಅಕ್ಕನ ಮೇಲಿತ್ತು.